ಘರ್ಷಣೆ ಇಲ್ಲದ ಅಂಗಡಿ

ಭೌತವಿಜ್ಞಾನದ ಲೆಕ್ಕಗಳಲ್ಲಿ ಆಗಾಗ ಒಂದು ಮಾತು ಬರುತ್ತದೆ: ‘ಘರ್ಷಣೆಯನ್ನು ಗಣನೆಗೆ ತೆಗೆದುಕೊಳ್ಳಬೇಡಿ.’ ಕಲಬುರಗಿಯ ಮಕ್ಕಳಿಗೆ ಎಷ್ಟೋ ವರ್ಷಗಳಿಂದ ಇಂಥ ಲೆಕ್ಕ ಮಾಡಿಸುತ್ತಿದ್ದೇನೆ. ಉತ್ತರ ಸರಿ ಬರುತ್ತದೆ, ಅಂಕವೂ ಸಿಗುತ್ತದೆ. ಆದರೆ ರಸ್ತೆಗಿಳಿದ ಬಂಡಿಗೆ ಘರ್ಷಣೆ ತಪ್ಪಿದ್ದಲ್ಲ. ಕಮಲಾಪುರದಲ್ಲಿರುವ ನನ್ನ ಅಕ್ಕನ ಮಗ ಕಂಪ್ಯೂಟರಿನಲ್ಲಿ ಒಂದು ಆಟ ತೋರಿಸಿದಾಗ ನನಗೆ ನೆನಪಾದದ್ದು ಈ ಮಾತೇ.

ಆಟದ ಹೆಸರು ‘ಆರ್ಕೇಡ್ ಪ್ಯಾರಡೈಸ್’. ಬ್ರಿಟನ್ನಿನ ನೋಸ್‌ಬ್ಲೀಡ್ ಇಂಟರಾಕ್ಟಿವ್ ಸಂಸ್ಥೆ ತಯಾರಿಸಿದ ಇದು 2022ರಲ್ಲಿ ಹೊರಬಂತು. ತಂದೆ ತನ್ನ ಬಟ್ಟೆ ಒಗೆಯುವ ಅಂಗಡಿಯನ್ನು ಆಡುವವರ ಕೈಗೆ ವಹಿಸುತ್ತಾನೆ. ಹಿಂದಿನ ಕೋಣೆಯಲ್ಲಿ ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರಗಳಿವೆ. ಬಟ್ಟೆ ಒಗೆದು, ಕಸ ಎತ್ತಿ, ಅಂಟಿದ ಚೂಯಿಂಗ್ ಗಮ್ ಕೆರೆದು ದುಡ್ಡು ಕೂಡಿಸಿ ಹೊಸ ಯಂತ್ರ ತರಬೇಕು. ಒಟ್ಟು 35ಕ್ಕೂ ಹೆಚ್ಚು ಯಂತ್ರಗಳು. ದರ ಗೊತ್ತುಮಾಡುವವರೂ ನಾವೇ, ನಾಣ್ಯದ ಪೆಟ್ಟಿಗೆ ಬರಿದು ಮಾಡುವವರೂ ನಾವೇ.

‘ಮಾಮಾ, ಎರಡು ತಿಂಗಳದಾಗ ಅಂಗಡಿ ಪೂರಾ ತುಂಬಿಸೀನಿ ನೋಡ್ರಿ. ಕಲಬುರಗ್ಯಾಗ ಇಂಥಾದ್ದೇ ಒಂದು ಹಾಕಬೇಕಂತ ಮಾಡೀನಿ’ ಎಂದ ಹುಡುಗ.

‘ರೊಕ್ಕ?’

‘ಬಾಳಿ ತೋಟ ಲಾವಣಿಗೆ ಕೊಟ್ರಾತು.’

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನ ಮುಖ ನೋಡಿದಳು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಯ ತೋಟವದು. ಆ ಮನೆ ನಡೆಯುವುದೇ ಅದರ ಮೇಲೆ.

ಹುಡುಗನ ಆಸೆಗೆ ಬೇರೇ ಇಲ್ಲ ಎನ್ನಲಾರೆ. ಜಪಾನಿನಲ್ಲಿ 1978ರಲ್ಲಿ ‘ಸ್ಪೇಸ್ ಇನ್ವೇಡರ್ಸ್’, 1980ರಲ್ಲಿ ‘ಪ್ಯಾಕ್-ಮ್ಯಾನ್’ ಹುಟ್ಟಿ ಜಗತ್ತನ್ನೇ ಸುತ್ತಿದವು. 1990ರ ದಶಕದಲ್ಲಿ, ನಮ್ಮೂರು ಇನ್ನೂ ಗುಲಬರ್ಗಾ ಆಗಿದ್ದಾಗ, ಪರದೆ ಇಳಿಬಿಟ್ಟ ಅಂಥ ಕೋಣೆಯೊಂದನ್ನು ನಾನೂ ಕಂಡಿದ್ದೇನೆ. ಒಳಗೆ ಕತ್ತಲು, ಗದ್ದಲ, ಬೆವರು. ಬಾಗಿಲ ಬಳಿ ಶಾಲೆಯ ಚೀಲಗಳು. ಬೆಂಗಳೂರಿನಲ್ಲಂತೂ ವಿಡಿಯೋ ಗೇಮ್ ನಡೆಸಲು ಲೈಸೆನ್ಸ್ ಬೇಕೇ ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎಂ.ಜೆ. ಶಿವಾನಿ ಪ್ರಕರಣದಲ್ಲಿ 1995ರಲ್ಲಿ ನ್ಯಾಯಾಲಯ ಸರ್ಕಾರದ ನಿಯಂತ್ರಣವನ್ನು ಎತ್ತಿಹಿಡಿಯಿತು. ಮುಂದೆ ಮನೆಯ ಟಿವಿಗೇ ಜೋಡಿಸುವ ಆಟದ ಪೆಟ್ಟಿಗೆ ಬಂತು, ಕಂಪ್ಯೂಟರ್ ಬಂತು, ಮೊಬೈಲ್ ಬಂತು. ಕೋಣೆಯ ಪರದೆ ಎತ್ತುವವರೇ ಇಲ್ಲವಾದರು.

ನಾನು ಉಪದೇಶ ಮಾಡಲಿಲ್ಲ. ಕಾಗದ, ಪೆನ್ನು ತರಿಸಿದೆ. ನಾಲ್ಕು ಯಂತ್ರ, ಒಂದೊಂದರ ಮೇಲೆ ದಿನಕ್ಕೆ 30 ಆಟ, ಆಟಕ್ಕೆ 10 ರೂಪಾಯಿ ಎಂದು ಹಿಡಿದೆವು. ತಿಂಗಳಿಗೆ 36,000 ಆಯಿತು. ಹುಡುಗನ ಮುಖ ಅರಳಿತು. ಬಾಡಿಗೆ 12,000, ಆಳಿನ ಪಗಾರ 10,000, ಕರೆಂಟು-ರಿಪೇರಿ 6,000 ಎಂದು ಅವನ ಕೈಯಿಂದಲೇ ಬರೆಸಿದೆ. ಉಳಿದದ್ದು 8,000. ‘ಮಾರ್ಚದಾಗ ಪರೀಕ್ಷಾ, ಮೇದಾಗ ಬಿಸಿಲು. ಮೂವತ್ತರ ಬದಲಿ ಇಪ್ಪತ್ತೇ ಆಟ ಆದ್ರ?’ ಎಂದೆ. ತಾನೇ ಗುಣಿಸಿ, ಕಳೆದು ನೋಡಿದ. 4,000 ಕೈಯಿಂದ ಹಾಕಬೇಕು. ಗಿರಾಕಿ ಕಡಿಮೆಯಾದರೆ ಬಾಡಿಗೆ ಕಡಿಮೆಯಾಗುವುದಿಲ್ಲ.

ಹಳೆಯ ಯಂತ್ರದ್ದು ಇನ್ನೊಂದು ಪಾಠ. ಅದರ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನುಗಳು ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಲೇಪಕ್ಕೆ ಬಡಿದು ಬೆಳಕಾಗುತ್ತವೆ. ಒಂದೇ ಚಿತ್ರ ವರ್ಷಗಟ್ಟಲೆ ನಿಂತರೆ ಲೇಪ ಸವೆದು ಕಲೆ ಉಳಿಯುತ್ತದೆ. ಸ್ವಿಚ್ ಆರಿಸಿದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು; ಅರಿಯದವರು ಕೈ ಹಾಕುವಂತಿಲ್ಲ. ಅರಿತ ಮೆಕ್ಯಾನಿಕ್‌ಗಳೋ ಈಗ ಅಪರೂಪ. ಆಟದ ಅಂಗಡಿಯಲ್ಲಿ, ನಾವು ಆಡಿದಷ್ಟು ಹೊತ್ತು, ಕರೆಂಟು ಹೋಗಲಿಲ್ಲ, ಲೈಸೆನ್ಸ್ ಕೇಳಲು ಯಾರೂ ಬರಲಿಲ್ಲ. ಬಾಗಿಲ ಒಳಗಿನ ಲೆಕ್ಕವನ್ನು ಆಟ ಚೆನ್ನಾಗಿಯೇ ಕಲಿಸುತ್ತದೆ. ಘರ್ಷಣೆಯೆಲ್ಲ ಬಾಗಿಲ ಹೊರಗಿದೆ.

ಹುಡುಗ ಎರಡು ದಿನ ನನ್ನೊಡನೆ ಮಾತು ಬಿಟ್ಟ. ಮೂರನೆಯ ದಿನ ಕಲಬುರಗಿಯ ಬಸ್ ಹತ್ತಿ ಹಳೆಯ ಟಿವಿ ಮೆಕ್ಯಾನಿಕ್ ಒಬ್ಬರ ಅಂಗಡಿ ಹುಡುಕಿಕೊಂಡು ಹೋದ. ಈಗ ವಾರಕ್ಕೆ ಮೂರು ದಿನ ಅಲ್ಲೇ ಕೆಲಸ ಕಲಿಯುತ್ತಾನೆ. ತೋಟ ಲಾವಣಿಗೆ ಹೋಗಿಲ್ಲ. ಮನೆಯ ಪಡಸಾಲೆಯಲ್ಲಿ ಮಾತ್ರ ಗುಜರಿಯಿಂದ ತಂದ ಸತ್ತ ಯಂತ್ರವೊಂದು ಬಿಚ್ಚಿಕೊಂಡು ಕೂತಿದೆ. ಅಕ್ಕ ದಿನಾ ಬೈಯುತ್ತಾಳೆ. ಕೆಂಪು ಬಾಳೆ ಹಚ್ಚಿದರೆ ಗೊನೆ ಕೈಗೆ ಬರಲು ಹತ್ತಿರ ಹತ್ತಿರ ಒಂದೂವರೆ ವರ್ಷ ಬೇಕು. ಕಾಯುವುದು ಆ ಮನೆಗೆ ಹೊಸದಲ್ಲ. ಯಂತ್ರಕ್ಕೆ ಜೀವ ಬಂದ ದಿನ ಮೊದಲ ನಾಣ್ಯ ನನ್ನದೇ ಎಂದು ಹೇಳಿಟ್ಟಿದ್ದೇನೆ.