ಒದ್ದೆ ಕಣದಲ್ಲಿ ಅಡ್ಡ ಜಾರುತ್ತಾ

ಕಾರನ್ನು ಡ್ರಿಫ್ಟ್ ಮಾಡಲು ಕಲಿಯುತ್ತೇನೆ ಎಂದಾಗ ಮನೆಯಲ್ಲಿ ನಾನು ಕೊಟ್ಟ ಕಾರಣ ಮಳೆ. ಜೂನ್ ಹಿಡಿದರೆ ಸಿದ್ದಾಪುರದಿಂದ ಯಾವ ಕಡೆ ಹೊರಟರೂ, ಅಮ್ಮತ್ತಿಗಾಗಲಿ, ನೆಲ್ಲಿಹುದಿಕೇರಿ ದಾಟಿ ಕುಶಾಲನಗರಕ್ಕಾಗಲಿ, ರಸ್ತೆ ಒಣಗಿರುವುದಿಲ್ಲ. ತೋಟದಿಂದ ಕೊಚ್ಚಿ ಬಂದ ಕೆಂಪು ಮಣ್ಣು, ಉದುರಿದ ಸಿಲ್ವರ್ ಓಕ್ ಎಲೆ, ತಿರುವಿನಾಚೆ ಒಮ್ಮೊಮ್ಮೆ ಆನೆ. ಹಿಂದಿನ ಚಕ್ರ ಜಾರಿದರೆ ಏನು ಮಾಡಬೇಕೆಂದು ಗೊತ್ತಿರಬೇಡವೇ ಎಂದೆ. ಹೆಂಡತಿ ಒಪ್ಪಿದಳು. ಆದರೆ ನಲವತ್ತು ದಾಟಿದ ಕಾಫಿ ಬೆಳೆಗಾರ ರಾತ್ರಿ ಹನ್ನೊಂದಕ್ಕೆ ಕೂತು, ಜಪಾನಿನ ಬೆಟ್ಟದ ರಸ್ತೆಯಲ್ಲಿ ಅಡ್ಡಡ್ಡಲಾಗಿ ಸಾಗುವ ಕಾರುಗಳ ವಿಡಿಯೊ ನೋಡುವುದು ಮಳೆಯ ಭಯದಿಂದಲ್ಲ. ಆ ಭಾಗವನ್ನು ನಾನು ಹೇಳಲಿಲ್ಲ.

ಅಲ್ಲಿ ಈ ವಿದ್ಯೆ ಬೆಳೆದದ್ದು 1970ರ ದಶಕದಲ್ಲಿ. ರೇಸಿನ ತಿರುವುಗಳಲ್ಲಿ ಕುನಿಮಿತ್ಸು ತಕಹಾಶಿ ಬೇಕೆಂದೇ ಹಿಂಭಾಗ ಜಾರಿಸಿ ಓಡಿಸುತ್ತಿದ್ದ. ಅದನ್ನು ನೋಡಿ ಬೆಳೆದ ಕೇಯಿಚಿ ತ್ಸುಚಿಯಾ ಬೆಟ್ಟದ ರಸ್ತೆಗಳಲ್ಲಿ ಪಳಗಿಸಿಕೊಂಡು, 1987ರ ಒಂದು ವಿಡಿಯೊದಿಂದ ಮನೆಮಾತಾದ. ಅವನ ಹೆಸರಿಗೆ ಅಂಟಿಕೊಂಡಿರುವ ಟೊಯೋಟಾ ಎಇ86 ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ನಮ್ಮ ಮಾರುತಿ 800 ಬಂದದ್ದೂ ಅದೇ ವರ್ಷ. ಅದಕ್ಕೆ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಕ್ಕೆ, ಇದಕ್ಕೆ ಮುಂದಿನ ಚಕ್ರಕ್ಕೆ. ಹೀಗಾಗಿ 800, ಆಲ್ಟೊಗಳಲ್ಲಿ ಸ್ಟೇರಿಂಗ್ ಹಿಡಿದು ಬೆಳೆದ ನನ್ನಂಥವರಿಗೆ ಆಕ್ಸಿಲರೇಟರ್ ಒತ್ತಿ ಹಿಂಭಾಗ ಬೀಸುವ ಅನುಭವವೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಆಲ್ಟೊ ತಿರುಗಿಸಿ ತೋರಿಸಿದರೆ ಅಕ್ಕನ ಮಗ ನಕ್ಕ. "ಮಾವ, ಇದು ಡ್ರಿಫ್ಟ್ ಅಲ್ಲ, ಬಾಲ ಎಳೆಯೋದು."

ಅವನು ಕೊಯ್ಲಾದ ಗದ್ದೆಗಳಲ್ಲಿ ನಡೆಯುವ ಆಟೋಕ್ರಾಸ್‌ನಲ್ಲಿ ಓಡಿಸುವವನು. ನಮ್ಮ ಜಿಲ್ಲೆಗೆ ಈ ಹುಚ್ಚು ಹೊಸದಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಸುತ್ತಾಗಿ ರೊಬಸ್ಟಾ ರ‍್ಯಾಲಿ ಕಾಫಿ ತೋಟದ ದಾರಿಗಳಲ್ಲೇ ನಡೆದಿದೆ. ಆದರೆ ಅಲ್ಲಿ ದಾರಿ ಮುಚ್ಚಿರುತ್ತಾರೆ, ತಿರುವಿಗೊಬ್ಬ ಮಾರ್ಷಲ್ ಇರುತ್ತಾನೆ, ಆಂಬುಲೆನ್ಸ್ ಕಾಯುತ್ತಿರುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಅದನ್ನೇ ಮಾಡಿದರೆ 1988ರ ಮೋಟಾರು ವಾಹನ ಕಾಯ್ದೆಯ 184ನೇ ಕಲಮು, ಅಪಾಯಕಾರಿ ಚಾಲನೆ. ಪೈಪೋಟಿಗೆ ಬಿದ್ದರೆ 189. ಅದಕ್ಕಿಂತ ಮೊದಲು, ಎದುರು ಬರುವ ಜೀಪಿನಲ್ಲಿ ತೋಟದ ಕೆಲಸದವರು ಹದಿನೈದು ಮಂದಿ ನಿಂತಿರುತ್ತಾರೆ. ಆ ಆಸೆ ರಸ್ತೆಗಿಳಿಯಬಾರದು ಎಂಬುದರಲ್ಲಿ ನನಗೂ ಅವನಿಗೂ ತಕರಾರಿರಲಿಲ್ಲ.

ಉಳಿದದ್ದು ಕಾಫಿ ಕಣ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಲಿಡಲು ಜಾಗವಿಲ್ಲದ ಸಿಮೆಂಟಿನ ಕಣ ಮಳೆಗಾಲದಲ್ಲಿ ಪಾಚಿ ಕಟ್ಟಿ ಖಾಲಿ ಬಿದ್ದಿರುತ್ತದೆ. ಕಲಿಯುವವನಿಗೆ ಪಾಚಿಯೇ ದೊಡ್ಡ ಉಪಕಾರಿ. ಎಂಟು ಮೀಟರ್ ತ್ರಿಜ್ಯದ ವೃತ್ತದಲ್ಲಿ ಒಣ ಕಾಂಕ್ರೀಟಿನ ಮೇಲೆ ಟೈರಿನ ಹಿಡಿತ ತಪ್ಪಲು ಗಂಟೆಗೆ 28 ಕಿ.ಮೀ. ಆಸುಪಾಸಿನ ವೇಗ ಬೇಕು. ಒದ್ದೆ ಪಾಚಿಯ ಮೇಲೆ ಲೆಕ್ಕ ಹಾಕಿದರೆ 17-18 ಸಾಕು. ಡಿಕ್ಕಿಯ ಹೊಡೆತ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಈ ಹತ್ತು ಕಿಲೋಮೀಟರಿನ ಅಂತರದಲ್ಲಿ ಅಪಾಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಟೈರೂ ಸವೆಯುವುದಿಲ್ಲ.

ಆದರೆ ಕಣಕ್ಕೆ ಸುತ್ತಲೂ ಗೇಣುದ್ದದ ಕಟ್ಟೆ ಇರುತ್ತದೆ. ನಾವು ಇಳಿಸಿದ್ದು ಹಳೆಯ ಜಿಪ್ಸಿ. ನಾಲ್ಕು ಚಕ್ರದ ಗೇರ್ ಹಾಕದಿದ್ದರೆ ಹಿಂದಿನ ಚಕ್ರವೇ ದೂಡುವ ಗಾಡಿ, ಎತ್ತರ ಜಾಸ್ತಿ. ಅಡ್ಡ ಜಾರುವ ಎತ್ತರದ ಗಾಡಿಯ ಚಕ್ರ ಕಟ್ಟೆಗೆ ತಾಗಿದರೆ ನಿಲ್ಲುವುದಿಲ್ಲ, ಮಗುಚುತ್ತದೆ. ಅದಕ್ಕೇ ಕಟ್ಟೆಯಿಂದ ಸಾಕಷ್ಟು ಒಳಗೆ ಗೋಣಿಚೀಲ ಹಾಸಿ ಗಡಿ ಮಾಡಿದೆವು. ಚೀಲ ಮುಟ್ಟಿದರೆ ಆವತ್ತಿನ ಆಟ ಮುಗಿಯಿತು. ಸೀಟ್ ಬೆಲ್ಟ್, ಹೆಲ್ಮೆಟ್. ಒಳಗಿದ್ದ ಜ್ಯಾಕು, ಸ್ಪಾನರು ಎಲ್ಲ ಹೊರಗೆ. ಅಡಿಯಲ್ಲಿ ಆಯಿಲ್ ಸೋರುತ್ತದೆಯೇ ಎಂದು ಬಗ್ಗಿ ನೋಡಿದ್ದು ಮಾತ್ರ ಗಾಡಿಯ ಕಾಳಜಿಗಲ್ಲ: ಕಣಕ್ಕೆ ಆಯಿಲ್ ಬಿದ್ದರೆ ಒಣಹಾಕಿದ ಕಾಫಿ ಆ ವಾಸನೆ ಹೀರಿಕೊಳ್ಳುತ್ತದೆ.

ವಿದ್ಯೆ ಕೇಳಲು ಸುಲಭ. ಮೊದಲ ಗೇರಿನಲ್ಲಿ ನಿಧಾನ ವೃತ್ತ ಹಾಕುತ್ತಾ ಆಕ್ಸಿಲರೇಟರ್ ತಟ್ಟನೆ ಒತ್ತಿದರೆ ಹಿಂಭಾಗ ಹೊರಕ್ಕೆ ಹೋಗುತ್ತದೆ. ಕೂಡಲೇ ಸ್ಟೇರಿಂಗನ್ನು ಜಾರಿದ ದಿಕ್ಕಿಗೇ ತಿರುಗಿಸಬೇಕು, ಕಾಲನ್ನು ಪೂರ್ತಿ ಎತ್ತದೆ ಹದವಾಗಿ ಇಡಬೇಕು, ಕಣ್ಣು ಹೋಗಬೇಕಾದ ಕಡೆ ಇರಬೇಕು. ಕೈಮೀರಿದರೆ ಕ್ಲಚ್, ಬ್ರೇಕ್ ಎರಡನ್ನೂ ಪೂರ್ತಿ ತುಳಿಯಬೇಕು. ಇಷ್ಟೇ. ನನ್ನ ಕಾಲು ಇದ್ಯಾವುದನ್ನೂ ಕೇಳಲಿಲ್ಲ. ಹಿಂಭಾಗ ಅಲುಗಿದೊಡನೆ ಅದು ಆಕ್ಸಿಲರೇಟರಿನಿಂದ ಹಾರಿ ಬಿಡುತ್ತಿತ್ತು. ಆಗ ಭಾರ ಮುಂದಕ್ಕೆ ಬಂದು, ಹಗುರಾದ ಹಿಂದಿನ ಚಕ್ರಗಳು ಮತ್ತಷ್ಟು ಜಾರಿ ಜಿಪ್ಸಿ ಗಿರಕಿ ಹೊಡೆಯುತ್ತಿತ್ತು. ಕಣ್ಣೋ, ಯಾವುದಕ್ಕೆ ಹೆದರುತ್ತೇನೋ ಅದನ್ನೇ, ಆ ಗೋಣಿಚೀಲವನ್ನೇ, ದಿಟ್ಟಿಸುತ್ತಿತ್ತು.

ಇದು ಬರೀ ಚಾಲನೆಯ ದೋಷವೆಂದು ನನಗನ್ನಿಸಲಿಲ್ಲ. ಕಾಫಿ ದರ ಕುಸಿದ ವರ್ಷಗಳಲ್ಲೂ ನಾನು ಮಾಡಿದ್ದು ಇದೇ: ಗೊಬ್ಬರ ನಿಲ್ಲಿಸಿ, ಕಪಾತು ಮುಂದೂಡಿ, ದಿನವಿಡೀ ದರವನ್ನೇ ನೋಡುತ್ತಾ ಕೂತದ್ದು. ಹೆದರಿದಾಗ ಕೈಯಲ್ಲಿದ್ದದ್ದನ್ನೆಲ್ಲ ಒಮ್ಮೆಲೇ ಬಿಟ್ಟುಬಿಡುವವನು ನಾನು. ಕಣದಲ್ಲಿ ಅದು ಎರಡು ಸೆಕೆಂಡಿನಲ್ಲಿ ಬಯಲಾಗುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನೊಂದೂ ಬಯಲಾಯಿತು. ಲೈನ್ ಮನೆಗಳ ಮಕ್ಕಳು ದೂರದ ಪಲ್ಪರ್ ಮನೆಯ ಮಾಡಿನಡಿ ನಿಂತು ನೋಡತೊಡಗಿದ ದಿನ ನನ್ನ ಕಾಲಿಗೆ ಧೈರ್ಯ ಬಂತು. ಒಂದೂವರೆ ಸುತ್ತು ಹಿಡಿತದಲ್ಲೇ ಜಾರಿದೆ, ಅವರು ಕೇಕೆ ಹಾಕಿದರು. ಭಯ ಬಿಟ್ಟದ್ದು ಅಭ್ಯಾಸದಿಂದಲ್ಲ, ಆ ಕೇಕೆಯಿಂದ. ಅಕ್ಕನ ಮಗ ಎಂಜಿನ್ ಆಫ್ ಮಾಡಿಸಿ ಮಕ್ಕಳನ್ನು ಮನೆಗೆ ಕಳಿಸಿದ. ನನಗೆ ನಿಜಕ್ಕೂ ಬೇಸರವಾಯಿತು!

ಈ ಬೇಸರಕ್ಕೆ ನಾರ್ವೆಯಲ್ಲಿ ಲೆಕ್ಕವಿದೆ. 1979ರಿಂದ ಅಲ್ಲಿ ಹೊಸ ಚಾಲಕರಿಗೆ ಜಾರು ರಸ್ತೆಯ ತರಬೇತಿ ಕಡ್ಡಾಯವಾಯಿತು. 1988ರಲ್ಲಿ ಪರಿಶೀಲಿಸಿ ನೋಡಿದರೆ, ತರಬೇತಿ ಪಡೆದ ಹುಡುಗರ ಅಪಘಾತ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಸ್ವೀಡನ್ನಿನ ಗ್ರೆಗರ್ಸನ್ 1996ರಲ್ಲಿ ಕಲಿಯುವವರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಜಾರು ನೆಲದ ಕೌಶಲ ಹೇಳಿಕೊಟ್ಟರು, ಇನ್ನೊಂದಕ್ಕೆ ಆ ಕೌಶಲವನ್ನು ನೆಚ್ಚಲಾಗದು ಎಂಬುದನ್ನು ಮಾಡಿಸಿಯೇ ತೋರಿಸಿದರು. ಆಮೇಲೆ ನೋಡಿದರೆ ಎರಡು ಗುಂಪುಗಳೂ ಒಂದೇ ಮಟ್ಟದಲ್ಲಿದ್ದವು. ತಾವು ನಿಪುಣರೆಂದು ನಂಬಿದ್ದವರು ಮಾತ್ರ ಮೊದಲಿನವರು.

ಓದಿ ಮುಗಿಸಿದಾಗ ಅಮ್ಮತ್ತಿ ರಸ್ತೆಯ ಒಂದು ತಿರುವು ನೆನಪಾಯಿತು. ಮೊದಲು ಅಲ್ಲಿ ಎರಡನೇ ಗೇರಿಗೆ ಇಳಿಯುತ್ತಿದ್ದವನು ಈಗ ಮೂರರಲ್ಲೇ ಹೋಗುತ್ತಿದ್ದೆ. ಯಾರೂ ಗಮನಿಸಿರಲಿಲ್ಲ, ಏನೂ ಆಗಿರಲಿಲ್ಲ. ಮಳೆಗೆ ಹೆದರಿ ಕಲಿಯುತ್ತೇನೆಂದು ಹೇಳಿದವನಿಗೆ ಮಳೆಯ ಹೆದರಿಕೆಯೇ ಹೋಗಿತ್ತು. ಕಣದಲ್ಲಿ ಕೈಗೆ ಬಂದದ್ದು ಹದಿನೆಂಟು ಕಿಲೋಮೀಟರಿನ ವಿದ್ಯೆ. ತಿರುವಿನಲ್ಲಿ ನಾನು ನಂಬಿಕೊಂಡದ್ದು ಐವತ್ತರ ವಿದ್ಯೆ.

ಕಲಿಯುವುದನ್ನು ಬಿಟ್ಟಿಲ್ಲ. ಬಿಡುವ ಮನಸ್ಸೂ ಇಲ್ಲ, ಅದರ ಸುಖ ಅಂಥದ್ದು. ಪಾಠದ ಕ್ರಮ ಮಾತ್ರ ಬದಲಾಗಿದೆ. ಅಕ್ಕನ ಕಿರಿಮಗನಿಗೆ ಹತ್ತೊಂಬತ್ತು, ಲೈಸೆನ್ಸ್ ಹೊಸದು, ಅವನಿಗೂ ಡ್ರಿಫ್ಟ್ ಬೇಕಂತೆ. ಮೊದಲು ನೇರ ಓಡಿಸಿ ಬ್ರೇಕ್ ಹಾಕು ಎಂದೆ. ಇಪ್ಪತ್ತರ ವೇಗದಲ್ಲಿ ಪಾಚಿಯ ಮೇಲೆ ಜಿಪ್ಸಿ ಐದು ಮೀಟರ್ ಜಾರಿ ನಿಂತಿತು. ಮೂವತ್ತರಲ್ಲಿ ಎಲ್ಲಿ ನಿಲ್ಲುತ್ತದೆಂದು ಲೆಕ್ಕ ಹಾಕಿ ಅಲ್ಲಿ ಗೋಣಿಚೀಲ ಇಡಲು ಹೇಳಿದೆ. ಏಳೂವರೆ ಮೀಟರಿಗೆ ಇಟ್ಟ. ಕೆಲವು ವಾರದ ಹಿಂದೆ ನಾನೂ ಹೆಚ್ಚುಕಡಿಮೆ ಅಲ್ಲೇ ಇಟ್ಟಿದ್ದೆ. ಗಾಡಿ ಚೀಲದ ಮೇಲೆ ಹಾದು ಹನ್ನೆರಡರ ಹತ್ತಿರ ನಿಂತಿತು.

"ಟೈರ್ ಸವೆದಿದೆ ಮಾವ," ಎಂದ.

ಹೊಸ ಟೈರು ಹಾಕಿಸಿಕೊಡುತ್ತೇನೆ, ಆಗಲೂ ಮೊದಲು ಚೀಲ ಇಡುವುದೇ ಎಂದಿದ್ದೇನೆ. ಮುಂದಿನ ಭಾನುವಾರ ಬರುತ್ತಾನೋ ಇಲ್ಲವೋ ಗೊತ್ತಿಲ್ಲ.