ಹೂಂ ಅಂದ್ರೆ ಒಪ್ಪಿಗೆ ಅಲ್ಲ!

ಜಪಾನಿನ ಕ್ಲೈಂಟ್ ಜೊತೆ ಕೆಲಸ ಮಾಡೋ ನಮ್ಮ ಟೀಮಿನಲ್ಲಿ ಒಂದು ದೂರು ಆಗಾಗ ಕೇಳ್ತಿರುತ್ತೆ. "ಕಾಲ್‌ನಲ್ಲಿ ಎಲ್ಲದಕ್ಕೂ ಹೈ ಹೈ ಅಂತಾರೆ, ಮಾರನೇ ದಿನ ಮೇಲ್‌ನಲ್ಲಿ ಬೇಡ ಅಂತಾರೆ. ಮಾತಿಗೆ ನಿಲ್ಲೋ ಜನ ಅಲ್ಲ."

ಜಪಾನಿ ಭಾಷೇಲಿ 'ಹೈ' ಅಂದ್ರೆ ಹೌದು ಅನ್ನೋದೇನೋ ನಿಜ. ಆದರೆ ನಾವು ಮಾತಾಡುವಾಗ ನಡುನಡುವೆ ಅವರು ಅನ್ನೋ ಹೈ ಬೇರೆ. "ಕೇಳಿಸ್ಕೊಳ್ತಿದೀನಿ, ಮುಂದೆ ಹೇಳಿ" ಅಂತ ಅಷ್ಟೇ. ಇದಕ್ಕೆ ಅವರಲ್ಲಿ 'ಐಜುಚಿ' ಅಂತ ಹೆಸರು. ಕಮ್ಮಾರನೂ ಅವನ ಸಹಾಯಕನೂ ಕಾದ ಕಬ್ಬಿಣಕ್ಕೆ ಒಬ್ಬರಾದ ಮೇಲೊಬ್ಬರು ಸುತ್ತಿಗೆ ಏಟು ಹಾಕ್ತಾರಲ್ಲ, ಅದರಿಂದ ಬಂದ ಪದ.

ನಮಗೆ ಇದೇನು ಹೊಸದಾ? ಚಿಕ್ಕೋರಿದ್ದಾಗ ಹೂಂಗುಟ್ಟದಿದ್ರೆ ಅಜ್ಜಿ ಕಥೆ ಅಲ್ಲಿಗೇ ನಿಲ್ತಿತ್ತು. ರಾಕ್ಷಸ ರಾಜಕುಮಾರಿನ ಹೊತ್ಕೊಂಡು ಹೋದ ಅಂದಾಗಲೂ ನಾವು ಹೂಂ ಅಂದವರೇ. ಅದು ರಾಕ್ಷಸನಿಗೆ ಕೊಟ್ಟ ಒಪ್ಪಿಗೆನಾ?!

'ಇಲ್ಲ' ಅನ್ನೋದೂ ಹಾಗೇ. "ಪರಿಶೀಲಿಸ್ತೀವಿ", "ಸ್ವಲ್ಪ ಕಷ್ಟ" ಅಂತ ಜಪಾನಿನವರು ಹೇಳಿದ್ರೆ ಎಷ್ಟೋ ಸಲ ಅದು ಬೇಡ ಅಂತಲೇ. ಹೆಣ್ಣು ನೋಡಿ ಉಪ್ಪಿಟ್ಟು-ಕೇಸರಿಬಾತ್ ತಿಂದು "ಊರಿಗೆ ಹೋಗಿ ತಿಳಿಸ್ತೀವಿ" ಅಂದವರ ಮಾತು ನಮ್ಮ ಹಿರಿಯರಿಗೆ ಅಲ್ಲೇ ಅರ್ಥ ಆಗ್ತಿತ್ತು. ಹೆಡ್‌ಫೋನ್ ಹಾಕ್ಕೊಂಡ ಕೂಡ್ಲೇ ನಾವದನ್ನ ಮರೀತೀವಿ.

ಮರೆತರೆ ಬೆಲೆ ತೆರೋದು ಯಾರೋ ಒಬ್ರು. ಇಂಥದ್ದೇ ಒಂದು ಹೈಯನ್ನ ನಂಬಿ ಮ್ಯಾನೇಜರ್ ಡಿಸೈನ್ ಫೈನಲ್ ಅಂದುಬಿಟ್ರು. ಆಮೇಲೆ ಎರಡು ವೀಕೆಂಡ್ ಕೂತು ಕೋಡ್ ಮತ್ತೆ ಬರೆದವನು ಟೀಮಿನ ಹೊಸ ಹುಡುಗ. ಅದರಲ್ಲೊಂದು ಭಾನುವಾರ ಅವನ ತಂಗಿ ನಿಶ್ಚಿತಾರ್ಥ ಇತ್ತು. ಫೋಟೋನ ಫೋನಲ್ಲೇ ನೋಡಿದ ಪಾಪ. ಬೈಗುಳ ಮಾತ್ರ ಜಪಾನಿನವರಿಗೆ!

ನಾನು ಕಾಲ್ ನಡೆಸೋವಾಗ "ಓಕೆನಾ?" ಅಂತ ಕೇಳೋಲ್ಲ. ಅದಕ್ಕೆ ಹೈ ಬಿಟ್ಟು ಇನ್ನೇನು ತಾನೇ ಬರುತ್ತೆ? "ಇದರಲ್ಲಿ ನಿಮಗೆ ಯಾವ ಭಾಗ ತೊಂದರೆ ಆಗಬಹುದು?" ಅಂತ ಕೇಳಿ ಸುಮ್ಮನಾಗ್ತೀನಿ. ಹತ್ತು ಸೆಕೆಂಡ್ ಮೌನ ಇದ್ರೂ ಬಾಯಿ ಹಾಕೋಲ್ಲ. ಆ ಮೌನದ ಆಚೆಗೇ ಅಸಲಿ ಉತ್ತರ ಇರೋದು. ಮಾತಾಡಿದ್ದನ್ನೆಲ್ಲ ಅವತ್ತೇ ಬರೆದು ಕಳಿಸ್ತೀನಿ. ಅದಕ್ಕೆ ಬರಹದಲ್ಲಿ ಒಪ್ಪಿಗೆ ಬಂದ ಮೇಲೇ ಕೋಡ್ ಮುಟ್ಟೋದು.

ಅಂದಹಾಗೆ, ನಾವು ತಲೆನ ಅತ್ತಿಂದಿತ್ತ ಆಡಿಸೋದು ಹೌದೋ ಅಲ್ಲವೋ ಅಂತ ಅವರೂ ತಲೆ ಕೆಡಿಸ್ಕೊಂಡಿರ್ತಾರೆ. ಲೆಕ್ಕ ಸರಿಹೋಯ್ತು :)

ನಿಮಗೂ ಇಂಥ ಹೂಂಗಳು ಸಿಕ್ಕಿರಬೇಕಲ್ಲ, ಹೇಳಿ. ಇಲ್ಲೀವರೆಗೂ ನೀವು ಹೂಂ ಹೂಂ ಅಂತ ಓದಿದ್ರೆ ಒಪ್ಪಿಬಿಟ್ರಿ ಅಂತೇನೂ ತಿಳ್ಕೊಳ್ಳೋಲ್ಲ ಬಿಡಿ!