ಅರವತ್ತೊಂದನೆಯ ದಿನ

ಫೆಬ್ರವರಿ 11, 2025, ಮಂಗಳವಾರ

ಬ್ಯಾಡಗಿ ಪ್ಯಾಟಿಯಲ್ಲಿ ಮೆಣಸಿನಕಾಯಿ ಸುಗ್ಗಿ. ಇಂದು ನನ್ನ ವಕೀಲಿ ಆಫೀಸಿಗೆ ಬಂದ ತಾಯಿಯೊಬ್ಬರ ಸೀರೆಯಿಂದಲೂ ಘಾಟು ಬರುತ್ತಿತ್ತು. ಮಗನಿಗೆ ಇಪ್ಪತ್ತೆರಡು ವರ್ಷ, ಹಮಾಲಿ ಕೆಲಸ. ಗೋದಾಮಿನಿಂದ ಮೂರು ಚೀಲ ಕಾಯಿ ಕದ್ದನೆಂದು ಭಾನುವಾರ ಹಿಡಿದು, ನಿನ್ನೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ನ್ಯಾಯಾಂಗ ಬಂಧನಕ್ಕೆ ಕಳಿಸಿದ್ದಾರೆ. ನ್ಯಾಯ ಸಂಹಿತೆಯ 305ನೇ ಕಲಂ. ಏಳು ವರ್ಷದವರೆಗೆ ಶಿಕ್ಷೆ.

“ಅಂವ ತಗೊಂಡಿದ್ದು ಖರೇನ ರೀ ಮೇಡಮ್ಮಾರ. ಎರಡು ತಿಂಗಳ ಹಮಾಲಿ ಬಾಕಿ ಇಟ್ಟಿದ್ರು. ಅದನ್ನ ಬರೀರಿ, ಸಾಹೇಬ್ರಿಗೆ ತಿಳೀತೈತಿ.”

“ಈಗ ಬ್ಯಾಡ ಯವ್ವಾ” ಅಂದೆ. ಮುಖ ಬಾಡಿತು. ಮಗನ ಪರವಾಗಿ ಹೇಳಲು ಅವರ ಹತ್ತಿರ ಇದ್ದದ್ದು ಅದೊಂದೇ ಮಾತು.

ಬಾಕಿ ಕೂಲಿಗೆ ತನಗೆ ಹಕ್ಕಿದೆ ಎಂದು ನಂಬಿ ತೆಗೆದುಕೊಂಡಿದ್ದರೆ ಕಳವಿಗೆ ಬೇಕಾದ ಅಪ್ರಾಮಾಣಿಕ ಉದ್ದೇಶವಿರಲಿಲ್ಲ ಎಂಬ ವಾದಕ್ಕೆ ಜಾಗವಿದೆ. ಆದರೆ ಆ ವಾದ ಹೂಡಬೇಕೋ ಬೇಡವೋ ಎಂಬುದನ್ನು ಸಾಕ್ಷ್ಯವನ್ನೆಲ್ಲ ನೋಡಿದ ಮೇಲೆ ತೀರ್ಮಾನಿಸಬೇಕು. ಕಕ್ಷಿದಾರ, ಅಥವಾ ಅವನ ಪರವಾಗಿ ಬಂದವರು, ವಕೀಲರಿಗೆ ಹೇಳಿದ್ದನ್ನು ಕಾನೂನು ಗುಟ್ಟಾಗಿ ಕಾಯುತ್ತದೆ. ಜಾಮೀನು ಅರ್ಜಿಯಲ್ಲಿ ನಾನೇ ‘ತೆಗೆದುಕೊಂಡನು’ ಎಂದು ಬರೆದುಬಿಟ್ಟರೆ ಆ ಕಾವಲು ಮುರಿದವಳು ನಾನೇ.

ಫೆಬ್ರವರಿ 13, ಗುರುವಾರ

ಜೂನಿಯರ್ ಹುಡುಗಿ ಕರಡು ತಂದಳು. ಹಳೆಯ ಅರ್ಜಿಯೊಂದರ ಮೇಲೆ ಹೊಸ ಹೆಸರು ಕೂರಿಸಿದ್ದಾಳೆ. ಎರಡು ಕಡೆ ‘ಅರ್ಜಿದಾರಳು’ ಹಾಗೇ ಉಳಿದಿದೆ. ಜಾಮೀನಿಗೆ ಹಳೆಯ ಕಾನೂನಿನ ಕಲಂ 437 ಎಂದೇ ಇದೆ. ಕಳೆದ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆ ಬಂದಿರುವುದರಿಂದ ಅದು 480 ಆಗಬೇಕು. ನನ್ನ ಕೈಯೂ ಇನ್ನೂ ತಡವರಿಸುತ್ತದೆ. 482 ಎಂದರೆ ಇಷ್ಟು ವರ್ಷ ಪ್ರಕರಣ ರದ್ದು ಕೋರಿ ಹೈಕೋರ್ಟಿಗೆ ಹೋಗುವ ದಾರಿ. ಅದೀಗ 528. 482 ನಿರೀಕ್ಷಣಾ ಜಾಮೀನಿನ ಪಾಲಾಗಿದೆ.

ಸಂಖ್ಯೆ ತಿದ್ದುವುದು ಸುಲಭ. ನನ್ನನ್ನು ಹೆದರಿಸಿದ್ದು ನಾಲ್ಕನೇ ಪ್ಯಾರಾ: ‘ಘಟನೆಯ ದಿನ ಅರ್ಜಿದಾರನು ಊರಿನಲ್ಲಿಯೇ ಇರಲಿಲ್ಲ.’ ಇದನ್ನು ಯಾರು ಹೇಳಿದರು ಅಂತ ಕೇಳಿದೆ. ಹಳೆಯದರಲ್ಲಿ ಇತ್ತು ಅಂದಳು. ಬೇರೆ ಕಡೆ ಇದ್ದೆ ಎಂದವನೇ ಅದನ್ನು ರುಜುವಾತುಪಡಿಸಬೇಕು. ಸೋತರೆ ಉಳಿದ ವಾದವನ್ನೂ ಯಾರೂ ನಂಬುವುದಿಲ್ಲ. ‘ಅರ್ಜಿದಾರನು ನಿರಪರಾಧಿ, ಸುಳ್ಳು ಪ್ರಕರಣದಲ್ಲಿ ಸಿಲುಕಿಸಲಾಗಿದೆ’ ಎಂಬ ಸಾಲನ್ನೂ ಹೊಡೆದುಹಾಕಿದೆ. ಆ ತಾಯಿ ನನ್ನೆದುರು ಅಷ್ಟು ಹೇಳಿ ಹೋದ ಮೇಲೆ ಅದರ ಕೆಳಗೆ ಸಹಿ ಹೇಗೆ ಹಾಕಲಿ? ‘ಆರೋಪವನ್ನು ಅಭಿಯೋಜನೆಯೇ ಸಾಬೀತುಪಡಿಸತಕ್ಕದ್ದು’ ಎಂದು ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಫೆಬ್ರವರಿ 17, ಸೋಮವಾರ

ಕಡತವನ್ನು ಮೂರನೇ ಸಲ ಓದುವಾಗ ಕಂಡಿತು. ಜಪ್ತಿ ಮಹಜರು ನಡೆದದ್ದು ಸಂಜೆ 5ಕ್ಕೆ. ‘ನಮ್ಮ ವಶದಲ್ಲಿದ್ದ ಆರೋಪಿಯು ಚೀಲಗಳನ್ನು ತೋರಿಸಿದನು’ ಎಂದಿದೆ. ದಸ್ತಗಿರಿ ಪತ್ರದಲ್ಲಿ ಬಂಧಿಸಿದ ವೇಳೆ ಸಂಜೆ 7.30. ಆರೋಪಿಯ ಮಾತಿನಿಂದ ಮಾಲು ಸಿಕ್ಕಿತು ಎಂಬುದೇ ಈ ಕೇಸಿನ ಬೆನ್ನೆಲುಬು. ಆ ಎರಡೂವರೆ ತಾಸು ಅವನು ಎಲ್ಲಿದ್ದ, ಯಾರ ವಶದಲ್ಲಿದ್ದ?

ಇದನ್ನು ಈಗಲೇ ಅರ್ಜಿಯಲ್ಲಿ ಹಾಕಿದರೆ ಜಾಮೀನಿಗೆ ಬಲ ಬಂದೀತು. ಆದರೆ ತನಿಖೆ ಮುಗಿದಿಲ್ಲ. ತೂತು ತೋರಿಸಿಕೊಟ್ಟರೆ ಒಂದು ಮರುಹೇಳಿಕೆ ಬರೆಸಿ ತೇಪೆ ಹಾಕುತ್ತಾರೆ. ಪಾಟೀ ಸವಾಲಿನವರೆಗೆ ಕಾದರೆ ಪಂಚರನ್ನೂ ತನಿಖಾಧಿಕಾರಿಯನ್ನೂ ಅವರವರ ಸಹಿಯ ಮುಂದೆಯೇ ನಿಲ್ಲಿಸಬಹುದು. ಎಷ್ಟೋ ಬಾರಿ ಹೀಗೆ ಕಾದು ಗೆದ್ದಿದ್ದೇನೆ. ಆದರೂ ಕಾಯುವ ಪ್ರತಿ ರಾತ್ರಿಯನ್ನು ಜೈಲಿನಲ್ಲಿ ಕಳೆಯುವವನು ಅವನು. ನಾನು ಮನೆಯಲ್ಲಿ ಮಲಗುತ್ತೇನೆ.

ಬೆಳಿಗ್ಗೆ ಜೈಲಿಗೆ ಹೋಗಿ ಅವನಿಗೇ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, “ನೀವ್ ಹ್ಯಾಂಗ್ ಅಂತೀರಿ ಹಂಗ ರೀ” ಅಂದ. ಆ ಒಪ್ಪಿಗೆ ಹಗುರಾಗಿ ಕೂರುತ್ತಿಲ್ಲ. ಅರ್ಜಿಯಲ್ಲಿ ಹಾಕಲಿಲ್ಲ.

ಫೆಬ್ರವರಿ 20, ಗುರುವಾರ

ಅರ್ಜಿ ವಜಾ. ಏಳು ವರ್ಷದವರೆಗಿನ ಅಪರಾಧಗಳಲ್ಲಿ ಬಂಧನ ಯಾಂತ್ರಿಕವಾಗಬಾರದು ಎಂದ 2014ರ ಅರ್ನೇಶ್ ಕುಮಾರ್ ತೀರ್ಪು ಹಾಕಿದ್ದೆ. ಅವನ ಮೇಲೆ ಹಳೆಯದೊಂದು ಕೇಸು ಬಾಕಿಯಿರುವುದೇ ತೂಕವಾಯಿತು. ಸೆಷನ್ಸ್‌ಗೆ ಹೋಗಬೇಕು, ಕಲಂ 483.

ಮಾರ್ಚ್ 30, ಭಾನುವಾರ, ಯುಗಾದಿ

ಸೆಷನ್ಸ್‌ನಲ್ಲೂ ಆಗಲಿಲ್ಲ. ಹೊಸ ಪಂಚಾಂಗ ಓದುವ ಹೊತ್ತಿಗೆ ನಾನು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಬೇರೆ ಲೆಕ್ಕ ಹಾಕಿದೆ. ಅರವತ್ತು ದಿನದೊಳಗೆ ದೋಷಾರೋಪ ಪಟ್ಟಿ ಬಾರದಿದ್ದರೆ, ಜಾಮೀನು ಕೊಡಲು ಸಿದ್ಧನಿರುವ ಆರೋಪಿಯನ್ನು ಬಿಡಲೇಬೇಕು, ಕಲಂ 187(3). ಎಣಿಸಬೇಕಾದದ್ದು ಬಂಧನದ ದಿನದಿಂದಲ್ಲ, ರಿಮಾಂಡಿನ ದಿನದಿಂದ. ಆ ದಿನವೂ ಲೆಕ್ಕಕ್ಕೆ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ. ಫೆಬ್ರವರಿಯಲ್ಲಿ 19, ಮಾರ್ಚ್‌ನಲ್ಲಿ 31, ಏಪ್ರಿಲ್‌ನಲ್ಲಿ 10.

ಅರವತ್ತನೆಯ ದಿನ ಮಹಾವೀರ ಜಯಂತಿಯ ರಜೆ. ಹನ್ನೊಂದು, ಶುಕ್ರವಾರ, ಕೋರ್ಟು ಇದೆ. ಹನ್ನೆರಡು ಎರಡನೇ ಶನಿವಾರ, ಹದಿಮೂರು ಭಾನುವಾರ, ಹದಿನಾಲ್ಕು ಅಂಬೇಡ್ಕರ್ ಜಯಂತಿ. ನನಗಿರುವುದು ಒಂದೇ ದಿನ. ಹನ್ನೊಂದರ ಸುತ್ತ ಕೆಂಪು ಪೆನ್ನಿನಲ್ಲಿ ಎರಡು ಸುತ್ತು ಹಾಕಿದೆ.

ಏಪ್ರಿಲ್ 11, ಶುಕ್ರವಾರ

ನನ್ನ ಇಪ್ಪತ್ತು ವರ್ಷದ ವೃತ್ತಿಯಲ್ಲಿ ಇಷ್ಟು ಪುಟ್ಟ ಅರ್ಜಿ ಬರೆದಿಲ್ಲ. ರಿಮಾಂಡ್ ಆದ ದಿನ. ಇಂದಿಗೆ ಅರವತ್ತೊಂದನೆಯ ದಿನ. ಈ ಗಳಿಗೆಯವರೆಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗಿಲ್ಲ. ಅರ್ಜಿದಾರನು ಜಾಮೀನು ಒದಗಿಸಲು ಸಿದ್ಧನಿದ್ದಾನೆ. ನಾಲ್ಕೇ ವಾಕ್ಯ. ಅವನ ವಯಸ್ಸು, ಅಮ್ಮನ ಕೆಮ್ಮು, ಬಡತನ ಯಾವುದೂ ಇಲ್ಲ. ಇದು ದಯೆ ಕೇಳುವ ಕಾಗದವಲ್ಲ.

ಕಚೇರಿ ತೆರೆಯುತ್ತಲೇ ಕೊಟ್ಟು, ಮೊಹರಿನ ಪಕ್ಕದಲ್ಲಿ ವೇಳೆಯನ್ನೂ ಬರೆಸಿಕೊಂಡೆ: 10.50. ಮಧ್ಯಾಹ್ನ ಮೂರಕ್ಕೆ ದೋಷಾರೋಪ ಪಟ್ಟಿ ಬಂತು. ಅರ್ಜಿ ಮೊದಲು ಬಿದ್ದಿದ್ದರೆ ಆಮೇಲೆ ಬಂದ ಪಟ್ಟಿ ಆ ಹಕ್ಕನ್ನು ಕಸಿಯಲಾರದು ಎನ್ನುವ 2020ರ ರವೀಂದ್ರನ್ ತೀರ್ಪಿನ ಪ್ರತಿ ಕೈಯಲ್ಲೇ ಇತ್ತು. ಸಂಜೆ ಆದೇಶವಾಯಿತು. ಐವತ್ತು ಸಾವಿರದ ಮುಚ್ಚಳಿಕೆ, ಆಸ್ತಿಯುಳ್ಳ ಒಬ್ಬ ಜಾಮೀನುದಾರ.

ಅವ್ವನ ಹತ್ತಿರ ಪಹಣಿ ಎಲ್ಲಿಂದ ಬರಬೇಕು?

ಏಪ್ರಿಲ್ 15, ಮಂಗಳವಾರ

ಮೂರು ದಿನ ಊರೆಲ್ಲ ಸುತ್ತಿದರೂ ಪಹಣಿ ಕೊಡುವವರು ಸಿಗಲಿಲ್ಲ. ಹೆಸರಿಗೆ ಜಾಮೀನು ಆದವನು ಇನ್ನೂ ಒಳಗೇ ಇದ್ದಾನೆ. 1978ರ ಮೋತಿ ರಾಂ ತೀರ್ಪನ್ನು ಮತ್ತೆ ಓದಿದೆ. ಆತ ಗಾರೆ ಕೆಲಸದವನು. ಹತ್ತು ಸಾವಿರದ ಜಾಮೀನು ಕೇಳಿದ್ದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅದನ್ನೂ ಒಪ್ಪಿರಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟರು.

ಕಲಂ 484ರ ಅಡಿ ಮೊತ್ತ ಇಳಿಸಲು ಅರ್ಜಿ, ಜೊತೆಗೆ ತಾಯಿಯ ಪ್ರಮಾಣಪತ್ರ, ಕನ್ನಡದಲ್ಲಿ. ಈ ಸಲ ಅವರು ಹೇಳಿದ್ದನ್ನೆಲ್ಲ ಬರೆದೆ. ಬಾಡಿಗೆ ಮನೆ, ಹೊಲವಿಲ್ಲ, ಕಾಯಿಯ ತೊಟ್ಟು ಬಿಡಿಸುವ ಕೂಲಿ, ಮಗ ಒಳಗೆ ಹೋದಾಗಿನಿಂದ ಅಂಗಡಿಯಲ್ಲಿ ಏರಿದ ಸಾಲ. ಓದಿ ಹೇಳಿದೆ. ಪ್ರತಿ ಸಾಲಿಗೂ ತಲೆಯಾಡಿಸುತ್ತ ಕೇಳಿದರು.

“ಹಮಾಲಿ ಬಾಕಿ ಇಟ್ಟಿದ್ದು ಬರೀಲಿಲ್ಲೇನ್ರಿ?”

“ಇನ್ನೂ ಇಲ್ಲ ಯವ್ವಾ.”

ಅವರು ಶಾಯಿಯ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು ಎಡಗೈ ಹೆಬ್ಬೆರಳು ಒತ್ತಿದರು.